ಏಕವಾರ್ಷಿಕ ಮತ್ತು ಬಹುವಾರ್ಷಿಕ ಹೂಗಿಡಗಳು

ಏಕವಾರ್ಷಿಕ ಮತ್ತು ಬಹುವಾರ್ಷಿಕ ಎಂಬುವು ಹೂದೋಟದ ಸಸ್ಯಗಳನ್ನು ಜೀವಿತಾವಧಿಯ ಆಧಾರದ ಮೇಲೆ ವಿಂಗಡಿಸುವ ಎರಡು ಮುಖ್ಯ ವರ್ಗಗಳು. ಬೀಜದಿಂದ ಮೊಳೆತು, ಹೂಬಿಟ್ಟು, ಮತ್ತೆ ಬೀಜ ಕಟ್ಟಿ ಒಂದು ವರ್ಷದೊಳಗೆ ಸಾಯುವ ಸಸ್ಯವು ಏಕವಾರ್ಷಿಕ. ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಬದುಕುವುದು ಬಹುವಾರ್ಷಿಕ. ಮೊದಲ ವರ್ಷ ಎಲೆಗಳನ್ನಷ್ಟೇ ಬೆಳೆಸಿ, ಎರಡನೆಯ ವರ್ಷ ಹೂಬಿಟ್ಟು ಸಾಯುವ ಸಸ್ಯಗಳನ್ನು ದ್ವೈವಾರ್ಷಿಕ ಎನ್ನುತ್ತಾರೆ. ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಶೀಸ್ ಪ್ಲಾಂಟೇರಮ್' ಗ್ರಂಥದಲ್ಲಿ ಏಕವಾರ್ಷಿಕಗಳಿಗೆ ಸೂರ್ಯನ, ದ್ವೈವಾರ್ಷಿಕಗಳಿಗೆ ಮಂಗಳನ ಮತ್ತು ಬಹುವಾರ್ಷಿಕ ಮೂಲಿಕೆಗಳಿಗೆ ಗುರುವಿನ ಚಿಹ್ನೆಯನ್ನು ಬಳಸಿದ್ದಾನೆ.

ಏಕವಾರ್ಷಿಕಗಳು

ಚೆಂಡುಹೂ, ಜೀನಿಯಾ, ಕರ್ಣಕುಂಡಲ, ಕೋಳಿಜುಟ್ಟು, ಸೂರ್ಯಕಾಂತಿ ಮತ್ತು ಚೀನಾ ಆಸ್ಟರ್ ಈ ವರ್ಗಕ್ಕೆ ಸೇರುತ್ತವೆ. ಇವು ತಮ್ಮ ಆಹಾರ ಸಂಗ್ರಹದ ಬಹುಭಾಗವನ್ನು ಬೀಜಕ್ಕೆ ವ್ಯಯಿಸುತ್ತವೆ. ಬೀಜ ಬಲಿತಂತೆ ಎಲೆ, ಕಾಂಡ, ಬೇರುಗಳು ಒಣಗುತ್ತವೆ. ಬಾಡಿದ ಹೂಗಳನ್ನು ಬೀಜ ಕಟ್ಟುವ ಮೊದಲೇ ಚಿವುಟಿದರೆ ಅನೇಕ ಗಿಡಗಳು ಹೆಚ್ಚು ದಿನ ಹೂಬಿಡುವುದು ಇದೇ ಕಾರಣದಿಂದ. ಕರ್ನಾಟಕದ ಬಯಲುಸೀಮೆಯಲ್ಲಿ ಕರ್ಣಕುಂಡಲ, ಜೀನಿಯಾಗಳನ್ನು ಮುಂಗಾರಿನ ಆರಂಭದಲ್ಲಿ ಬಿತ್ತುವುದು ರೂಢಿ. ಫ್ಲಾಕ್ಸ್, ಪೆಟೂನಿಯಾ ಮೊದಲಾದ ಚಳಿಗಾಲದ ಹೂಗಳ ಬೀಜವನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಸಿಮಡಿಗೆ ಹಾಕಿ, ಸಸಿಗಳನ್ನು ಪಾತಿಗೆ ನಾಟಿ ಮಾಡಲಾಗುತ್ತದೆ.

ಬೀಜವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಆದರೆ ಎಫ್-1 ಸಂಕರ ತಳಿಯ ಬೀಜದಿಂದ ಹುಟ್ಟುವ ಗಿಡಗಳು ತಾಯಿಗಿಡದ ಬಣ್ಣ, ಗಾತ್ರಗಳನ್ನು ಏಕರೂಪವಾಗಿ ಉಳಿಸಿಕೊಳ್ಳುವುದಿಲ್ಲ.

ಬಹುವಾರ್ಷಿಕಗಳು

ದಾಸವಾಳ, ಗುಲಾಬಿ, ಮಲ್ಲಿಗೆ, ಕಣಗಿಲೆಗಳು ಕಾಷ್ಠಕಾಂಡದ ಬಹುವಾರ್ಷಿಕಗಳು. ಸೇವಂತಿಗೆ ಮೂಲಿಕೆಯ ಸ್ವರೂಪದ್ದು. ಹೂ ಮುಗಿದ ಮೇಲೆ ಬುಡದಿಂದ ಹೊಸ ಕಂದುಗಳು ಏಳುತ್ತವೆ. ಸುಗಂಧರಾಜ, ಡೇಲಿಯಾ, ಅಗ್ನಿಶಿಖೆಗಳು ನೆಲದಡಿಯ ಗೆಡ್ಡೆಗಳಲ್ಲಿ ಆಹಾರವನ್ನು ಕೂಡಿಡುತ್ತವೆ. ಅಗ್ನಿಶಿಖೆಯ ಬಳ್ಳಿ ಒಣ ಕಾಲದಲ್ಲಿ ಸಂಪೂರ್ಣ ಕಾಣೆಯಾಗಿ, ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಇಂತಹ ಗಿಡ ಸತ್ತಿತೆಂದು ಭಾವಿಸಿ ಪಾತಿಯನ್ನು ಅಗೆದರೆ ಗೆಡ್ಡೆಗಳು ಹಾಳಾಗುತ್ತವೆ.

ಬಹುವಾರ್ಷಿಕಗಳನ್ನು ಸಾಮಾನ್ಯವಾಗಿ ಕಡ್ಡಿ, ಕಂದು, ಗೆಡ್ಡೆ, ಗೂಟಿ ಅಥವಾ ಕಸಿಯ ಮೂಲಕ ವೃದ್ಧಿಸುತ್ತಾರೆ. ಹೀಗೆ ಪಡೆದ ಗಿಡದ ಹೂ ಮೂಲಗಿಡದ ಹೂವಿನಂತೆಯೇ ಇರುತ್ತದೆ. ಗುಲಾಬಿ, ಮಲ್ಲಿಗೆಗಳು ಹೊಸ ಚಿಗುರಿನಲ್ಲಿ ಹೂಬಿಡುವುದರಿಂದ ಅವುಗಳಿಗೆ ಸವರುವಿಕೆ ಅಗತ್ಯ.

ವಿಂಗಡಣೆಯ ಮಿತಿಗಳು

ಒಂದು ಸಸ್ಯ ಯಾವ ವರ್ಗದ್ದೆಂಬುದು ತೋಟದಲ್ಲಿ ಹವಾಮಾನವನ್ನೂ ಅವಲಂಬಿಸಿದೆ. ಬ್ರೆಜಿಲ್ ಮೂಲದ ಕೆಂಪು ಸಾಲ್ವಿಯಾ ಸ್ವಭಾವತಃ ಬಹುವಾರ್ಷಿಕ. ಹಿಮ ಬೀಳುವ ದೇಶಗಳಲ್ಲಿ ಅದು ಚಳಿಗೆ ಸಾಯುವುದರಿಂದ ಏಕವಾರ್ಷಿಕವಾಗಿ ಬೆಳೆಸಲ್ಪಡುತ್ತದೆ. ಮಡಗಾಸ್ಕರ್ ಮೂಲದ ನಿತ್ಯಪುಷ್ಪವೂ ಹಾಗೆಯೇ. ಕರ್ನಾಟಕದಲ್ಲಿ ಅದು ವರ್ಷಗಟ್ಟಲೆ ಹೂಬಿಡುತ್ತದೆ.

ದೀರ್ಘಾಯುಷ್ಯವೆಂದರೆ ಪ್ರತಿವರ್ಷ ಹೂಬಿಡುವುದೆಂದೂ ಅರ್ಥವಲ್ಲ. ಪಶ್ಚಿಮ ಘಟ್ಟಗಳ ನೀಲಕುರಿಂಜಿ ಬಹುವಾರ್ಷಿಕ ಪೊದೆಯಾದರೂ ಸುಮಾರು 12 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಕೇರಳದ ಮುನ್ನಾರ್ ಪ್ರದೇಶದಲ್ಲಿ 2006 ಮತ್ತು 2018ರಲ್ಲಿ ಇದು ಅರಳಿತ್ತು.

ತೋಟದ ಯೋಜನೆ

ಏಕವಾರ್ಷಿಕಗಳು ಬೇಗ ಬಣ್ಣ ತುಂಬುತ್ತವೆ, ಆದರೆ ಪ್ರತಿ ಋತುವಿನಲ್ಲೂ ಬೀಜ, ಸಸಿ ಮತ್ತು ದುಡಿಮೆಯನ್ನು ಬೇಡುತ್ತವೆ. ಬಹುವಾರ್ಷಿಕಗಳಲ್ಲಿ ಅನೇಕವು ನೆಲೆಯೂರಲು ಸಮಯ ಹಿಡಿಯುತ್ತವೆ. ಬೇರೂರಿದ ಮೇಲೆ ಹೆಚ್ಚು ಕಾಲ ಫಲ ನೀಡುತ್ತವೆ. ಆದ್ದರಿಂದ ಹಿನ್ನೆಲೆಗೂ ಅಂಚಿಗೂ ಬಹುವಾರ್ಷಿಕಗಳನ್ನು ನೆಟ್ಟು, ಅವು ಬೆಳೆಯುವವರೆಗೆ ನಡುವಿನ ಜಾಗವನ್ನು ಏಕವಾರ್ಷಿಕಗಳಿಂದ ತುಂಬುವ ಕ್ರಮ ಪ್ರಚಲಿತವಾಗಿದೆ.