ಪ್ರೆಸ್ಬಿಟರಿ ಪುನರ್‌ರಚನೆ (ಸ್ಕಾಟ್ಲೆಂಡ್ ಚರ್ಚ್)

ಸಭಾಪಾಲಕರೂ ಹಿರಿಯರೂ ಕೂಡಿ ಒಂದು ಪ್ರದೇಶದ ಸಭೆಗಳನ್ನು ನೋಡಿಕೊಳ್ಳುವ ಮಂಡಳಿಯೇ ಪ್ರೆಸ್ಬಿಟರಿ. ಈ ಪದ್ಧತಿಯಲ್ಲಿ ಬಿಷಪ್ ಇಲ್ಲ. ಸದಸ್ಯರೂ ಸಭಾಪಾಲಕರೂ ಕಡಿಮೆಯಾಗುತ್ತ ಬಂದಾಗ, ಸ್ಕಾಟ್ಲೆಂಡ್ ಚರ್ಚಿನ 2019ರ ಮಹಾಸಭೆ 43 ಪ್ರೆಸ್ಬಿಟರಿಗಳನ್ನು ಸುಮಾರು 12ಕ್ಕೆ ಇಳಿಸುವ ದಾರಿ ಹಿಡಿಯಿತು. 2021ರ ಜನವರಿಯಲ್ಲಿ ಡನ್‌ಫರ್ಮ್ಲಿನ್, ಕರ್ಕಾಲ್ಡಿ, ಸೇಂಟ್ ಆಂಡ್ರೂಸ್ ಮೂರೂ ಸೇರಿ ಫೈಫ್ ಪ್ರೆಸ್ಬಿಟರಿಯಾದವು. ಯಾವ ಊರಿಗೆ ಎಷ್ಟು ಸಭಾಪಾಲಕರು, ಯಾವ ಕಟ್ಟಡ ಉಳಿಯಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬುದನ್ನು ತಿಳಿಸುವ ಸೇವಾ ಯೋಜನೆಯನ್ನು ಪ್ರತಿ ಪ್ರೆಸ್ಬಿಟರಿಯೂ ಸಿದ್ಧಪಡಿಸಬೇಕೆಂದು ಚರ್ಚಿನ ಅದೇ ವರ್ಷದ ಕಾಯ್ದೆ ವಿಧಿಸಿತು. ದೊಡ್ಡ ಮಂಡಳಿ ಆಡಳಿತದ ಹೊರೆ ಹೊತ್ತರೆ ಸ್ಥಳೀಯ ಸಭೆಗೆ ಸುವಾರ್ತೆಗೂ ನೆರೆಹೊರೆಯ ಆರೈಕೆಗೂ ಬಿಡುವು ಸಿಗುತ್ತದೆ ಎಂಬುದು ಈ ಪುನರ್‌ರಚನೆಯ ಆಶಯ. ಆಶಯ ಸರಿಯೇ, ಆದರೆ ತಲೆಮಾರುಗಳ ದೀಕ್ಷಾಸ್ನಾನ, ಮದುವೆಗಳನ್ನು ಕಂಡ ದೇವಾಲಯಕ್ಕೆ ಬೀಗ ಬೀಳುವುದು ಸಣ್ಣ ಊರುಗಳಿಗೆ ನಿಜವಾದ ನಷ್ಟ.