ಮಯಸ್ತೇನಿಯಾ ಗ್ರ್ಯಾವಿಸ್: ಸೌದಿಯಲ್ಲಿ ಪಿರಿಡೋಸ್ಟಿಗ್ಮಿನ್ ಮಾತ್ರೆ ತಗೊಳ್ಳುವವರಿಗೆ ಮಾಹಿತಿ

ಬೆಳಿಗ್ಗೆ ಏಳುವಾಗ ಎಲ್ಲ ಸರಿ. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣಿನ ರೆಪ್ಪೆ ತಾನಾಗಿ ಇಳಿಯುತ್ತದೆ, ಎದುರಿನ ವಾಹನ ಎರಡಾಗಿ ಕಾಣುತ್ತದೆ. ರಾತ್ರಿ ಊಟಕ್ಕೆ ಕೂತರೆ ಅಗಿದು ಅಗಿದು ದವಡೆ ಸೋಲುತ್ತದೆ. ಸ್ವಲ್ಪ ಮಲಗಿ ಎದ್ದರೆ ಮತ್ತೆ ಪರವಾಗಿಲ್ಲ. ಸೆಕೆ, ಡ್ಯೂಟಿಯ ಸುಸ್ತು ಎಂದು ತಿಂಗಳುಗಟ್ಟಲೆ ದೂಡಿದ ಮೇಲೆ ನರರೋಗ ತಜ್ಞರ ಬಳಿ ಹೋದಾಗ ತಿಳಿಯುವ ಹೆಸರು ಮಯಸ್ತೇನಿಯಾ ಗ್ರ್ಯಾವಿಸ್. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಬಂದದ್ದು ಇದೇ. ಅಂಟುರೋಗವಲ್ಲ, ಒಂದೇ ರೂಮಿನಲ್ಲಿ ಇರುವವರು ಹೆದರಬೇಕಿಲ್ಲ.

ನರವು ಸ್ನಾಯುವಿಗೆ ಸಂದೇಶ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಸಂದೇಶ ಹಿಡಿಯುವ ಜಾಗವನ್ನು ಹಾಳು ಮಾಡುತ್ತದೆ. ಪಿರಿಡೋಸ್ಟಿಗ್ಮಿನ್ (ಸೌದಿಯಲ್ಲೂ ಹೊರಗೂ ಹೆಚ್ಚಾಗಿ ಕೇಳುವ ಹೆಸರು ಮೆಸ್ಟಿನಾನ್) ಆ ರಾಸಾಯನಿಕ ಬೇಗ ಕರಗಿ ಹೋಗದಂತೆ ತಡೆಯುತ್ತದೆ. ಸಾಮಾನ್ಯ 60 ಮಿ.ಗ್ರಾಂ. ಮಾತ್ರೆ ನುಂಗಿ ಅರ್ಧ-ಮುಕ್ಕಾಲು ಗಂಟೆಗೆ ಶಕ್ತಿ ಬಂದಂತಾಗುತ್ತದೆ, ಮೂರು-ನಾಲ್ಕು ಗಂಟೆಗೆ ಇಳಿಯುತ್ತದೆ. ಕಾಯಿಲೆಯ ಬೇರನ್ನು ಇದು ಮುಟ್ಟುವುದಿಲ್ಲ. ಅದಕ್ಕೆ ಸ್ಟೀರಾಯ್ಡ್ ಮುಂತಾದ ಬೇರೆ ಔಷಧಿ, ಕೆಲವರಿಗೆ ಥೈಮಸ್ ಗ್ರಂಥಿಯ ಆಪರೇಷನ್ ಬೇಕಾಗುತ್ತದೆ. ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬಾರದು.

ಎಡವುವುದು ಇಲ್ಲೇ. ಒಂದು ಮಾತ್ರೆಗೆ ಇಷ್ಟು ಶಕ್ತಿ ಬಂದರೆ ಎರಡಕ್ಕೆ ಇನ್ನಷ್ಟು ಬರಬೇಕಲ್ಲ ಎಂಬ ಲೆಕ್ಕ. ಹಾಗಾಗುವುದಿಲ್ಲ. ಪ್ರಮಾಣ ಮಿತಿ ಮೀರಿದರೆ ಸ್ನಾಯು ಮತ್ತೆ ಸೋಲುತ್ತದೆ. ಮಾತ್ರೆ ಕಡಿಮೆಯಾದಾಗಲೂ ನಿಶ್ಶಕ್ತಿ, ಹೆಚ್ಚಾದಾಗಲೂ ನಿಶ್ಶಕ್ತಿ. ಯಾವುದು ಯಾವುದೆಂದು ಕ್ಯಾಂಪಿನ ರೂಮಿನಲ್ಲಿ ಕೂತು ತೀರ್ಮಾನ ಮಾಡಲಾಗದು. ಜೊಲ್ಲು ಸುರಿಯುವುದು, ಹೊಟ್ಟೆ ನುಲಿತ, ಭೇದಿ, ವಿಪರೀತ ಬೆವರು, ಮೈ ಅಲ್ಲಲ್ಲಿ ಅದುರುವುದು ಹೆಚ್ಚಾದದ್ದರ ಸೂಚನೆ. ಊರಲ್ಲಿ ತೋಟಕ್ಕೆ ಕೀಟನಾಶಕ ಹೊಡೆದು ವಿಷವೇರಿದವರಲ್ಲಿ ಕಾಣುವ ಲಕ್ಷಣಗಳೂ ಹೆಚ್ಚುಕಡಿಮೆ ಇವೇ, ಯಾಕಂದ್ರೆ ಎರಡೂ ಕೆಲಸ ಮಾಡುವುದು ಒಂದೇ ಕಿಣ್ವದ ಮೇಲೆ. 1991ರ ಕೊಲ್ಲಿ ಯುದ್ಧದಲ್ಲಿ ಇದೇ ಸೌದಿ ಮರಳಿನಲ್ಲಿದ್ದ ಅಮೆರಿಕದ ಸೈನಿಕರಿಗೆ, ನರವಿಷದ ದಾಳಿಯಾದೀತೆಂದು ಮುಂಜಾಗ್ರತೆಗೆ ಕೊಟ್ಟದ್ದೂ ಈ ಮಾತ್ರೆಯನ್ನೇ, 30 ಮಿ.ಗ್ರಾಂ. ಲೆಕ್ಕದಲ್ಲಿ. ಹಾಗಾಗಿ ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಹೊಟ್ಟೆ ಕೆಡುವವರು ಖುಬ್ಬೂಸ್‌ನ ತುಂಡೋ ಸ್ವಲ್ಪ ಹಾಲೋ ಜೊತೆಗೆ ತಗೊಳ್ಳಬಹುದು. ನುಂಗಲು ಕಷ್ಟವಿರುವವರಿಗೆ ಊಟಕ್ಕೆ ಅರ್ಧ-ಒಂದು ಗಂಟೆ ಮೊದಲು ತಗೊಂಡರೆ ಅನುಕೂಲ. ನಿಧಾನವಾಗಿ ಕರಗುವ 180 ಮಿ.ಗ್ರಾಂ. ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಮೂತ್ರಪಿಂಡದ ತೊಂದರೆ, ಆಸ್ತಮಾ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಇನ್ನೊಂದು ಅಪಾಯ ಪಕ್ಕದ ಮಂಚದಿಂದ ಬರುತ್ತದೆ. ಜ್ವರ, ಕೆಮ್ಮು ಎಂದಾಗ ರೂಮ್‌ಮೇಟ್ ತನ್ನ ಬ್ಯಾಗಿನಿಂದ ಊರಿನ ಆ್ಯಂಟಿಬಯೋಟಿಕ್ ತೆಗೆದು ಕೊಡುವುದು ಪ್ರೀತಿಯಿಂದಲೇ. ಆದರೆ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್, ಜೆಂಟಾಮೈಸಿನ್ ಈ ಕಾಯಿಲೆಯವರಲ್ಲಿ ಉಸಿರಾಟದ ಸ್ನಾಯುವನ್ನೇ ಸೋಲಿಸಬಲ್ಲವು. ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್ ಜಾತಿಯ ಮಾತ್ರೆ, ಮೆಗ್ನೀಸಿಯಂ ಇಂಜೆಕ್ಷನ್, ಕ್ವಿನೈನ್ ಕೂಡ ಅದೇ ಸಾಲಿನವು. ಪಾಲಿಕ್ಲಿನಿಕ್‌ಗೆ ಹೋದರೂ, ಹಲ್ಲು ಕೀಳಿಸಲು ಹೋದರೂ ಮೊದಲು ಕಾಯಿಲೆಯ ಹೆಸರು ಹೇಳಬೇಕು. ಅರಬ್ಬಿಯಲ್ಲಿ ಅದು ‘ಅಲ್-ವಹನ್ ಅಲ್-ಅದಲಿ ಅಲ್-ವಬೀಲ್’. ಒಂದು ಚೀಟಿಯಲ್ಲಿ ಬರೆಸಿ ಇಕಾಮಾ ಜೊತೆ ಇಟ್ಟುಕೊಂಡರೆ, ಮಾತಾಡಲಾಗದ ಹೊತ್ತಿನಲ್ಲಿ ಚೀಟಿಯೇ ಹೇಳುತ್ತದೆ.

ಸೆಕೆಗೆ ಈ ನಿಶ್ಶಕ್ತಿ ಹೆಚ್ಚುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಸೌದಿ ನಿಯಮ ಎಲ್ಲರಿಗೂ ಇದೆ. ಇವರಿಗೆ ಅಷ್ಟು ಸಾಲದು. ನೆರಳಿನ ಕೆಲಸಕ್ಕೆ ಡಾಕ್ಟರ್ ಪತ್ರ ಪಡೆದು ಕಂಪನಿಗೆ ಕೊಡುವುದು ಒಳ್ಳೆಯದು. ಕಣ್ಣು ಎರಡೆರಡಾಗಿ ಕಾಣುವ ದಿನ ಸ್ಟೇರಿಂಗ್ ಹಿಡಿಯಬೇಡಿ, ಸ್ಕಾಫೋಲ್ಡಿಂಗ್ ಹತ್ತಬೇಡಿ. ಮಾತ್ರೆಯ ಬಾಟಲಿಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ.

ರಂಝಾನ್ ಉಪವಾಸದ ವಿಷಯ ಇನ್ನೂ ಸೂಕ್ಷ್ಮ. ನಾಲ್ಕು ಗಂಟೆಯ ಮಾತ್ರೆ ಸಹರಿಯಿಂದ ಇಫ್ತಾರ್‌ವರೆಗೆ ಬಾಳುವುದಿಲ್ಲ. ಕೆಲವರಿಗೆ ಡಾಕ್ಟರ್ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಿಯಾರು, ಕೆಲವರಿಗೆ ಉಪವಾಸವೇ ಬೇಡ ಎಂದಾರು. ರೋಗಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಈ ಮಾತು ಚಂದ್ರದರ್ಶನಕ್ಕೆ ಕೆಲವು ವಾರ ಮೊದಲೇ ಆಗಬೇಕು.

ರಜೆಯಿಂದ ಮರಳುವಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮಂಗಳೂರಿನಲ್ಲೋ ತೋರಿಸಿದವರು ಮಾತ್ರೆಯನ್ನು ಮೂಲ ಪ್ಯಾಕಿನಲ್ಲೇ, ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಚೀಟಿಯೊಂದಿಗೆ ಹ್ಯಾಂಡ್‌ಬ್ಯಾಗಿನಲ್ಲಿ ತರಲಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಪಿರಿಡೋಸ್ಟಿಗ್ಮಿನ್ ಎಂಬ ಮೂಲ ಹೆಸರೂ ಇರಲಿ, ಇಲ್ಲಿನ ಫಾರ್ಮಸಿಯಲ್ಲಿ ಕೇಳಲು ಅದೇ ಬೇಕು. ಅದೇ ಚೀಲದಲ್ಲಿ ಟ್ರಮಡಾಲ್, ಪ್ರಿಗಾಬಲಿನ್‌ನಂಥ ನೋವಿನ ಮಾತ್ರೆ ಸೇರಿಸಬೇಡಿ. ಅವು ಇಲ್ಲಿ ನಿಯಂತ್ರಿತ ಔಷಧಿಗಳು, ಮುಂಚಿತ ಅನುಮತಿ ಇಲ್ಲದೆ ತಂದರೆ ಕೇಸಾದೀತು.

ಉಸಿರು ಸಾಲದಿರುವುದು, ಚಪ್ಪಟೆ ಮಲಗಲಾಗದಿರುವುದು, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿರುವುದು, ನೀರು ಮೂಗಿಗೆ ಬರುವುದು, ಕೆಮ್ಮಲೂ ಶಕ್ತಿ ಇಲ್ಲದಿರುವುದು: ಇವುಗಳಲ್ಲಿ ಒಂದು ಕಂಡರೂ ಮತ್ತೊಂದು ಮಾತ್ರೆ ನುಂಗಿ ಕಾಯಬೇಡಿ. ರೋಗಿಯನ್ನು ಕೂರಿಸಿ, ಬಾಯಿಗೆ ನೀರು ಹಾಕಬೇಡಿ, ಸೌದಿ ರೆಡ್ ಕ್ರೆಸೆಂಟ್‌ನ 997ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಹತ್ತುವಾಗ ಆ ಚೀಟಿ, ಮಾತ್ರೆಯ ಪ್ಯಾಕು ಮತ್ತು ಕೊನೆಯ ಮಾತ್ರೆ ಎಷ್ಟು ಗಂಟೆಗೆ ತಗೊಂಡದ್ದು ಎಂಬ ಮಾಹಿತಿ ಜೊತೆಗಿರಲಿ.