ಆಟಿಸಂ ಇರುವ ಮಗು ತರಗತಿಯಲ್ಲಿ ಹಟ ಮಾಡುತ್ತದೆಯೇ?

ಮೇಷ್ಟ್ರು ಕರೆದರೆ ತಿರುಗಿ ನೋಡುವುದಿಲ್ಲ, ಓರಗೆಯವರ ಜೊತೆ ಆಡುವುದಿಲ್ಲ, ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಇಂಥ ಮಗುವನ್ನು ಕಂಡರೆ ನಾವು ‘ಹಟಮಾರಿ’, ‘ಮುದ್ದು ಹೆಚ್ಚಾಯ್ತು’ ಎಂದುಬಿಡುತ್ತೇವೆ. ಕೆಲವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ.

ಆದರೆ ಇವು ಆಟಿಸಂ, ಅಂದರೆ ಸ್ವಲೀನತೆಯ ಲಕ್ಷಣಗಳಾಗಿರಬಹುದು. ಇದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಸಾಕಿದ ರೀತಿಯಾಗಲಿ ಲಸಿಕೆಯಾಗಲಿ ಇದಕ್ಕೆ ಕಾರಣವಲ್ಲ. ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ತರಗತಿಯಲ್ಲಿ ಕಷ್ಟವಾಗುವುದೇನು?

ಹನೂರು ತಾಲ್ಲೂಕಿನ ಕೌದಳ್ಳಿ ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿದೆ. ಅಲ್ಲಿನ ಒಂದು ತರಗತಿಯನ್ನು ಊಹಿಸಿಕೊಳ್ಳೋಣ. ಜಾತ್ರೆಗೆ ಹೊರಟ ವಾಹನಗಳ ಹಾರನ್, ಬಿಸಿಯೂಟದ ತಟ್ಟೆಗಳ ಸದ್ದು ನಮಗೆ ಅಷ್ಟಾಗಿ ಗಮನಕ್ಕೇ ಬರುವುದಿಲ್ಲ. ಆಟಿಸಂ ಇರುವ ಹಲವು ಮಕ್ಕಳಿಗೆ ಅವು ತಡೆಯಲಾರದಷ್ಟು ಜೋರು. ‘ಬಾಯಿಗೆ ಬೀಗ ಹಾಕು’ ಎಂದರೆ ಮಗು ಬೀಗ ಎಲ್ಲಿ ಎಂದು ಹುಡುಕಬಹುದು. ಆಟದ ಪೀರಿಯಡ್ಡಿನಲ್ಲಿ ಗಣಿತ ಶುರುವಾದರೆ ಕಂಗಾಲಾಗಬಹುದು. ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು ತಿಳಿಯದೆ ಒಂಟಿಯಾಗುತ್ತದೆ, ಗೇಲಿಗೂ ಗುರಿಯಾಗುತ್ತದೆ.

ಶಿಕ್ಷಕರು ಏನು ಮಾಡಬಹುದು?

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಗುಂಪಿನ ಗದ್ದಲ ಈ ಮಗುವಿಗೆ ಕಷ್ಟ. ಆದರೆ ಅಲ್ಲಿನ ಚಿತ್ರ ಗುರುತಿನ ಕಾರ್ಡುಗಳು ಅನುಕೂಲ. ಅದೇ ರೀತಿ ದಿನದ ಕೆಲಸಗಳನ್ನೂ ಚಿತ್ರ ಬರೆದು ಸಾಲಾಗಿ ಗೋಡೆಗೆ ಅಂಟಿಸಬಹುದು. ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಿಸಿ. ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಬದಲಾವಣೆ ಇದ್ದರೆ ಮೊದಲೇ ತಿಳಿಸಿ. ಮುಖ ನೋಡು ಎಂದು ಒತ್ತಾಯಿಸಬೇಡಿ. ನೋಡದಿದ್ದರೂ ಅದು ಕೇಳಿಸಿಕೊಳ್ಳುತ್ತಿರಬಹುದು. ಆಟಕ್ಕೆ ಸಮಾಧಾನದ ಒಬ್ಬ ಜೊತೆಗಾರನನ್ನು ಗೊತ್ತುಮಾಡಿ.

ಶಾಲೆ ಬೇಡ ಎನ್ನಬಹುದೇ?

ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆಯಿಲ್ಲ ಎಂದು ಪ್ರಮಾಣೀಕೃತವಾದರೆ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಆ ಮಗುವಿನ ಹಕ್ಕು.

ಅನುಮಾನ ಬಂದರೆ ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಎಂದು ಕಾಯಬಾರದು. ಪರೀಕ್ಷೆ ಮತ್ತು ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಶಾಲೆಯಲ್ಲಿ ಬೇಕಾದ ನೆರವನ್ನು ಬಿಆರ್‌ಸಿಯ ಸಂಪನ್ಮೂಲ ಶಿಕ್ಷಕರಲ್ಲಿ ಕೇಳಿ. ನೆರವು ಬೇಗ ಸಿಕ್ಕಷ್ಟೂ ಮಗುವಿಗೆ ಒಳ್ಳೆಯದು.